ನಿರುಪದ್ರವಿ ಸೂಫಿ

ಸೂಫಿಯನ್ನು ಹೊಗಳುವುದು ಈಚೆಗೆ ಬಹು ಸುಲಭವಾದ ಕಾರ್ಯವಾಗಿದೆ. ಇಸ್ಲಾಂ ಮತವನ್ನು ಕುರಿತು ಒಂದು ಒಳ್ಳೆಯ ಮಾತನ್ನೂ ಆಡಲೊಲ್ಲದವರು ಸಹ ಸೂಫಿಯ ಹೆಸರೆತ್ತಿದೊಡನೆ ಮೃದುವಾಗುತ್ತಾರೆ. ಅವನು ಪ್ರೇಮಿಯಂತೆ, ಕವಿಯಂತೆ, ಗಾಯಕನಂತೆ. ಬಿಳಿಯ ನಿಲುವಂಗಿಯನ್ನು ತೊಟ್ಟು ಬುಗುರಿಯ ಹಾಗೆ ತಿರುಗುವವನಂತೆ. ಗೋರಿಯ ಬಳಿ ಧೂಪದ ಹೊಗೆಯಲ್ಲಿ ಕಣ್ಣು ಮುಚ್ಚಿ ಕುಳಿತು ಜಗತ್ತನ್ನೇ ಮರೆತವನಂತೆ. ರಾಜ್ಯ ಯಾರ ಕೈಯಲ್ಲಿದೆ, ಕಂದಾಯದ ಹೊರೆಯನ್ನು ಯಾರು ಹೊರುತ್ತಾರೆ, ಸೆರೆಮನೆಯಲ್ಲಿ ಯಾರಿದ್ದಾರೆ ಎಂಬ ಗೊಡವೆ ಅವನಿಗಿಲ್ಲವಂತೆ. ಇಂತಹವನನ್ನು ಯಾರು ತಾನೆ ಮೆಚ್ಚುವುದಿಲ್ಲ? ಅವನಿಂದ ಯಾರಿಗೂ ಉಪದ್ರವವಿಲ್ಲ.

ಈ ಹೊಗಳಿಕೆಯನ್ನು ಕೇಳಿ ಹಿಗ್ಗುವುದಕ್ಕೆ ಮೊದಲು, ಅದರಿಂದ ಯಾರಿಗೆ ಅನುಕೂಲವೆಂದು ವಿಚಾರಮಾಡುವುದು ಲೇಸು. ೨೦೦೩ರಲ್ಲಿ ಅಮೆರಿಕದ ರ‍್ಯಾಂಡ್ ಎಂಬ ಸಂಸ್ಥೆಯು, ಎಂದರೆ ಆ ದೇಶದ ಸೈನ್ಯಕ್ಕೂ ಸರಕಾರಕ್ಕೂ ಬಹುಕಾಲದಿಂದ ಆಲೋಚನೆ ಹೇಳುತ್ತ ಬಂದಿರುವ ಸಂಸ್ಥೆಯು, ಒಂದು ವರದಿಯನ್ನು ಪ್ರಕಟಿಸಿತು. ಮುಸಲ್ಮಾನರನ್ನು ಅದರಲ್ಲಿ ವರ್ಗವರ್ಗವಾಗಿ ವಿಂಗಡಿಸಿ, ಯಾರಿಗೆ ಬೆಂಬಲ ಕೊಡಬೇಕು, ಯಾರನ್ನು ಎದುರಿಸಬೇಕು ಎಂದು ವಿಧಿಸಿದ್ದಿತು. ಸೂಫಿಮಾರ್ಗದ ಜನಪ್ರಿಯತೆಯನ್ನು ಬೆಳೆಯಿಸಬೇಕೆಂಬುದು ಅಲ್ಲಿಯ ಸಲಹೆಗಳಲ್ಲೊಂದು. ಔಷಧದಂಗಡಿಯ ಸೀಸೆಗಳಿಗೆ ಚೀಟಿ ಅಂಟಿಸಿದಂತೆ, ಇದು ವಿಷ, ಇದು ಪಥ್ಯ ಎಂದು ಸಾವಿರದ ಇನ್ನೂರು ವರ್ಷಗಳ ಒಂದು ಸಾಧನಮಾರ್ಗಕ್ಕೆ ಚೀಟಿ ಅಂಟಿಸಿದ್ದಾಯಿತು.

ಚೀಟಿ ಮಾತ್ರ ಹೊಸದು. ಅಂಟಿಸುವ ಅಭ್ಯಾಸ ಹಳೆಯದು. ೧೮೮೪ರಲ್ಲಿ ಅಲ್ಜೀರಿಯಾದ ಫ್ರೆಂಚ್ ಅಧಿಕಾರಿಯಾದ ಲೂಯಿ ರಿನ್ ಎಂಬಾತನು ಆ ನಾಡಿನ ಸೂಫಿಪಂಥಗಳ ಮೇಲೆ ಒಂದು ದಪ್ಪ ಗ್ರಂಥವನ್ನು ಬರೆದನು. ಅದೇ ವರ್ಷ ಸಹಾರಾ ಮರುಭೂಮಿಯನ್ನು ಸಂಚರಿಸಿ ಹೆಸರಾಗಿದ್ದ ಆನ್ರಿ ದ್ಯುವೆರಿಯೇ ಎಂಬಾತನು ಸನೂಸಿ ಪಂಥವನ್ನು ಯೂರೋಪಿನ ವಿರುದ್ಧ ಹೂಡಿದ ದೊಡ್ಡದೊಂದು ಒಳಸಂಚೆಂದು ಚಿತ್ರಿಸಿದನು. ೧೮೯೭ರಲ್ಲಿ ದಪೋಂ, ಕೊಪ್ಪೊಲಾನಿ ಎಂಬಿಬ್ಬರು ಗವರ್ನರ್ ಜನರಲನ ಆಶ್ರಯದಲ್ಲಿ ಎಲ್ಲ ಪಂಥಗಳ ಅನುಯಾಯಿಗಳನ್ನೂ ತಲೆಯೆಣಿಸಿ ಪುಸ್ತಕಮಾಡಿದರು. ಇವರೆಲ್ಲರ ಬರೆಹದಲ್ಲಿ ಸೂಫಿಯು ಕತ್ತಲಲ್ಲಿ ಕತ್ತಿ ಮಸೆಯುವ ಮತಾಂಧ. ಅವನ ಜಪಮಾಲೆ ರಹಸ್ಯಸಂಕೇತ. ಅವನ ಮಠ ಮದ್ದುಗುಂಡಿನ ಉಗ್ರಾಣ. ಸನೂಸಿಗಳನ್ನು ಕುರಿತ ಈ ಕಥೆಯ ಬಹುಭಾಗ ಅಧಿಕಾರಿಗಳ ಭೀತಿಯಲ್ಲಿ ಹುಟ್ಟಿದುದೆಂದು ಇತಿಹಾಸಕಾರ ತ್ರಿಯೋ ೧೯೯೫ರಲ್ಲಿ ಸವಿಸ್ತಾರವಾಗಿ ತೋರಿಸಿದ್ದಾನೆ. ಆಗ ಮತಾಂಧನಾಗಿದ್ದವನು ಈಗ ಸಾಧುವಾಗಿದ್ದಾನೆ. ನಡುವೆ ಸೂಫಿಮಾರ್ಗದಲ್ಲಿ ಅಂತಹ ಮಾರ್ಪಾಡು ಏನೂ ನಡೆಯಲಿಲ್ಲ. ಕಚೇರಿಯ ಮೇಜಿನ ಹಿಂದೆ ಕುಳಿತವನ ಪ್ರಶ್ನೆಯೊಂದೇ: ಈ ಮನುಷ್ಯನಿಂದ ನಮಗೆ ತೊಂದರೆಯೋ, ಉಪಯೋಗವೋ?

ಇಂತಹ ಪ್ರಶ್ನೆ ಕೇಳುವವರಿಗೆ ಸೂಫಿಯನ್ನು ಎರಡಾಗಿ ಸೀಳುವುದು ಅವಶ್ಯವಾಗುತ್ತದೆ. ಧ್ಯಾನಮಾಡುವ ಸೂಫಿ ಬೇರೆ, ಕಾರ್ಯಕ್ಕಿಳಿಯುವ ಸೂಫಿ ಬೇರೆ. ಮೊದಲನೆಯವನು ನಿಜವಾದವನು, ಎರಡನೆಯವನು ಆ ವೇಷವನ್ನು ಹಾಕಿದ ರಾಜಕಾರಣಿ. ಈ ವಿಭಾಗ ಇತಿಹಾಸಕ್ಕೆ ಒಪ್ಪುವುದಿಲ್ಲ. ಏಕಾಂತದಲ್ಲಿ ಕುಳ್ಳಿರಿಸಿದ ಸಾಧನೆಯೇ ಸೂಫಿಯನ್ನು ಬೀದಿಗೂ, ರಣಕ್ಕೂ, ಸೆರೆಗೂ ಕರೆದೊಯ್ದುದು ಮೊದಲಿನಿಂದಲೂ ಕಾಣುತ್ತದೆ. ಆದರೆ ಆ ಸಾಧನೆ ಯಾವ ದಾರಿಗೆ ಕರೆದೊಯ್ಯುವುದೆಂಬುದನ್ನು ಕಾಲವೂ ದೇಶವೂ ಗುರುವಿನ ಅಂತಃಸಾಕ್ಷಿಯೂ ನಿರ್ಣಯಿಸಿದುವೇ ಹೊರತು, ಹೊರಗಿನವರ ಪಟ್ಟಿಯಲ್ಲ.

‘ರಿಬಾತ್’ ಎಂಬ ಅರಬ್ಬೀ ಶಬ್ದವೊಂದರಿಂದಲೇ ಈ ವಿಷಯವನ್ನು ತಿಳಿಯಬಹುದು. ಇಸ್ಲಾಮಿನ ಮೊದಲ ಶತಮಾನಗಳಲ್ಲಿ ಅದಕ್ಕೆ ಗಡಿಯ ಕೋಟೆಯೆಂದು ಅರ್ಥ. ಟ್ಯುನೀಶಿಯಾದ ಸೂಸ್ ಪಟ್ಟಣದಲ್ಲಿ ೮೨೧ರಲ್ಲಿ ಗೋಪುರ ಕಟ್ಟಿಸಿದ ಅಂತಹ ಒಂದು ರಿಬಾತ್ ಈಗಲೂ ನಿಂತಿದೆ. ಕಡಲ ಕಡೆಯಿಂದ ಬರುವ ಶತ್ರುವಿಗಾಗಿ ಕಾದಿರುತ್ತ, ಉಳಿದ ಹೊತ್ತಿನಲ್ಲಿ ಪ್ರಾರ್ಥನೆ ಉಪವಾಸಗಳಲ್ಲಿ ತೊಡಗಿರುವವರು ಅಲ್ಲಿ ವಾಸಿಸುತ್ತಿದ್ದರು. ಕೆಲವು ಶತಮಾನಗಳ ತರುವಾಯ ಬಾಗ್ದಾದಿನಲ್ಲಿ ಅದೇ ಶಬ್ದಕ್ಕೆ ಸೂಫಿಗಳ ಮಠವೆಂಬ ಅರ್ಥ ಬಂದಿತು. ಕೋಟೆಯೂ ಮಠವೂ ಒಂದೇ ಹೆಸರನ್ನು ಪಡೆದುದು ಆಕಸ್ಮಿಕವಲ್ಲ. ೭೯೭ರಲ್ಲಿ ಮಡಿದ ಮರ್ವ್ ಪಟ್ಟಣದ ಅಬ್ದುಲ್ಲಾ ಇಬ್ನ್ ಅಲ್-ಮುಬಾರಕನು ವೈರಾಗ್ಯದ ಮೇಲೆ ಒಂದು ಗ್ರಂಥವನ್ನೂ ಧರ್ಮಯುದ್ಧದ ಮೇಲೆ ಇನ್ನೊಂದನ್ನೂ ಸಂಗ್ರಹಿಸಿದನು. ಯಾತ್ರೆ, ವ್ಯಾಪಾರ, ಗಡಿಕಾವಲು ಇವುಗಳಲ್ಲಿ ಬಾಳನ್ನು ಕಳೆದನು. ಆತನ ಕಾಲಕ್ಕೆ ಸೂಫಿಯೆಂಬ ಹೆಸರಿನ್ನೂ ರೂಢಿಗೆ ಬಂದಿರಲಿಲ್ಲವೆಂದು ಆಕ್ಷೇಪಿಸುವವರುಂಟು, ಆಕ್ಷೇಪ ನ್ಯಾಯವಾದುದೇ. ಆದರೆ ಲಾಹೋರಿನ ಹುಜ್ವೀರಿಯೂ ನಿಶಾಪುರದ ಅತ್ತಾರನೂ ತಮ್ಮ ಹಿರಿಯರ ಚರಿತ್ರೆಗಳನ್ನು ಬರೆಯುವಾಗ ಆತನನ್ನು ಬಿಡಲಿಲ್ಲ. ತಮ್ಮ ಮನೆತನದ ಮೂಲಪುರುಷರು ಯಾರೆಂಬುದನ್ನು ಮನೆಯವರು ಹೇಳಿದರೆ ನಂಬಬಾರದೆ?

ಸೀಳುವವರು ಒಂದು ಹದೀಸನ್ನು ಮುಂದಿಡುವುದು ವಾಡಿಕೆ. ಯುದ್ಧದಿಂದ ಹಿಂದಿರುಗಿದ ಪ್ರವಾದಿಯು, ಚಿಕ್ಕ ಹೋರಾಟ ಮುಗಿಯಿತು, ಇನ್ನು ದೊಡ್ಡ ಹೋರಾಟ ಎಂಬರ್ಥದ ಮಾತನ್ನಾಡಿದನೆಂದೂ, ಆ ದೊಡ್ಡದು ಮನುಷ್ಯನು ತನ್ನ ‘ನಫ್ಸ್’ ಎಂಬ ಕೀಳು ಮನಸ್ಸಿನೊಡನೆ ನಡೆಸುವ ಹೋರಾಟವೆಂದೂ ಅದರ ಸಾರ. ಆದ್ದರಿಂದ ಸೂಫಿಗೆ ಹೊರಗಿನ ಹೋರಾಟವೇ ಇಲ್ಲವೆಂದು ಇವರ ತೀರ್ಮಾನ. ಮೊದಲನೆಯದಾಗಿ, ಈ ಹದೀಸಿನ ಪ್ರಾಮಾಣ್ಯವನ್ನು ಇಬ್ನ್ ತೈಮಿಯ್ಯಾ ಮೊದಲಾದವರು ಒಪ್ಪಲಿಲ್ಲ. ಎರಡನೆಯದಾಗಿ, ಒಪ್ಪಿದರೂ ಅದು ಹಿಂದಿರುಗಿ ಬಂದವನ ಮಾತು. ಹೋಗದೆ ಇದ್ದವನಿಗೆ ಹಿಂದಿರುಗುವುದೆಂದರೇನು?

ಸಾಧನೆಯ ಸ್ವರೂಪವನ್ನೇ ನೋಡುವುದಾದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಮುರೀದನು, ಎಂದರೆ ಶಿಷ್ಯನು, ಗುರುವಿನ ಕೈಹಿಡಿದು ಪ್ರತಿಜ್ಞೆಮಾಡುತ್ತಾನೆ. ಹಸಿವೆಯನ್ನೂ ನಿದ್ರೆಯನ್ನೂ ಗೆಲ್ಲುತ್ತಾನೆ. ‘ಜಿಕ್ರ್’ ಎಂಬ ನಾಮಸ್ಮರಣೆಯಲ್ಲಿ ರಾತ್ರಿಗಳನ್ನು ಕಳೆಯುತ್ತಾನೆ. ‘ಖಲ್ವತ್’ ಎಂಬ ಏಕಾಂತವಾಸದಲ್ಲಿ ಹಲವೊಮ್ಮೆ ನಾಲ್ವತ್ತು ದಿನಗಳನ್ನು ಕತ್ತಲೆಯ ಕೋಣೆಯಲ್ಲಿ ಕೂರುತ್ತಾನೆ. ಆಸ್ತಿಯ ಮೋಹ ಹೋಗಬೇಕು, ಮಾನಾಪಮಾನ ಹೋಗಬೇಕು, ಕೊನೆಗೆ ಸಾವಿನ ಅಂಜಿಕೆಯೂ ಹೋಗಬೇಕು. ಇಷ್ಟನ್ನು ನಿಜವಾಗಿ ಸಾಧಿಸಿದವನು ಗುಹೆಯಲ್ಲಿಯೇ ಉಳಿದಾನು, ಉಳಿಯಲಿ. ಆದರೆ ಅಂತಹವನನ್ನು ಯಾವ ಸುಬೇದಾರನು ಅಂಜಿಸಿಯಾನು? ಯಾವ ಬಹುಮಾನದಿಂದ ಕೊಂಡಾನು? ಇದರ ಜೊತೆಗೆ ಪಂಥದ ಏರ್ಪಾಡನ್ನೂ ಗಮನಿಸಬೇಕು. ಒಂದು ‘ತರೀಕಾ’ದ ಮಠಗಳು ಸಾರ್ಥವಾಹರ ದಾರಿಯುದ್ದಕ್ಕೂ ಹರಡಿರುತ್ತಿದ್ದುವು. ಅಲ್ಲಿ ಪ್ರಯಾಣಿಕರಿಗೆ ತಂಗುದಾಣ, ಬಡವರಿಗೆ ಅನ್ನ, ಮಕ್ಕಳಿಗೆ ಪಾಠ, ವ್ಯಾಜ್ಯಗಳಿಗೆ ತೀರ್ಪು. ರಾಜ್ಯ ಕುಸಿದ ನಾಡಿನಲ್ಲಿ ಜನರನ್ನು ಹಿಡಿದು ನಿಲ್ಲಿಸಲು ಉಳಿಯುತ್ತಿದ್ದ ಕಟ್ಟು ಅದೊಂದೇ. ಆಗ ಜನರು ಯಾರ ಬಾಗಿಲಿಗೆ ಹೋಗಬೇಕು?

ನಕ್ಷಬಂದಿ ಪಂಥದವರಲ್ಲಿ ಒಂದು ಸೂತ್ರವುಂಟು: ಜನಸಂದಣಿಯ ನಡುವೆ ಏಕಾಂತ. ಹೃದಯ ದೇವರಲ್ಲಿ, ಕೈ ಲೋಕದಲ್ಲಿ. ಸಮರ್ಕಂದದ ಖ್ವಾಜಾ ಉಬೈದುಲ್ಲಾ ಅಹ್ರಾರನು (೧೪೦೪–೧೪೯೦) ಈ ಸೂತ್ರವನ್ನು ಆಚರಿಸಿದ ರೀತಿ ನೋಡತಕ್ಕದ್ದು. ತೈಮೂರನ ವಂಶದ ರಾಜಕುಮಾರರು ಸೇನೆಗಳೊಡನೆ ಎದುರುಬದುರಾಗಿ ನಿಂತಾಗ ಆತನು ನಡುವೆ ಹೋಗಿ ಸಂಧಿಮಾಡಿಸಿದನು. ‘ತಮ್ಘಾ’ ಎಂಬ ವ್ಯಾಪಾರದ ತೆರಿಗೆ ಪ್ರಜೆಗಳನ್ನು ಹಿಂಡುತ್ತಿದ್ದಾಗ, ಅದನ್ನು ತೆಗೆದುಹಾಕುವಂತೆ ಸುಲ್ತಾನ ಅಬೂ ಸಯೀದನನ್ನು ಒಪ್ಪಿಸಿದನು. ಅಂತಹವನು ಬರೆದ ಸಾಧನಗ್ರಂಥವೊಂದನ್ನು ಹಿಂದೂಸ್ಥಾನವನ್ನು ಗೆದ್ದ ಬಾಬರನು ೧೫೨೮ರಲ್ಲಿ ಕಾಯಿಲೆಯಿಂದ ಗುಣಹೊಂದಲು ಹರಕೆಯಾಗಿ ತುರ್ಕಿ ಪದ್ಯಕ್ಕೆ ತಿರುಗಿಸಿದನು. ಅಹ್ರಾರನಿಗೆ ಅಪಾರವಾದ ಭೂಮಿಯೂ ಇದ್ದಿತು. ಅದನ್ನು ಮುಚ್ಚಿಟ್ಟು ಹೊಗಳುವುದು ತಪ್ಪು. ಲೋಕದಲ್ಲಿ ಕೈಯಿಟ್ಟವನ ಕೈಗೆ ಲೋಕವೂ ಅಂಟುತ್ತದೆ.

ದಿಲ್ಲಿಯ ನಿಜಾಮುದ್ದೀನ್ ಔಲಿಯಾರವರು (ಮರಣ ೧೩೨೫) ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದರು. ಸುಲ್ತಾನರ ಆಸ್ಥಾನಕ್ಕೆ ಕಾಲಿಡಲಿಲ್ಲ. ಇದನ್ನು ಲೋಕವಿಮುಖತೆಯೆಂದು ಕರೆಯುವವರು ಅವರ ಖಾನಕಾಹದಲ್ಲಿ ದಿನವೂ ಉರಿಯುತ್ತಿದ್ದ ಒಲೆಯನ್ನು ಮರೆಯುತ್ತಾರೆ. ಅರಮನೆಯ ಕೂಗಳತೆಯಲ್ಲಿದ್ದು ಅರಮನೆಗೆ ಹೋಗದಿರುವುದು, ಅಲ್ಲಿಯ ಊಟವನ್ನು ಬಿಟ್ಟು ಬೀದಿಯವರಿಗೆ ಉಣ್ಣಿಸುವುದು, ಇದಕ್ಕಿಂತ ಗಟ್ಟಿಯಾದ ರಾಜಕೀಯ ವಾಕ್ಯ ಯಾವುದು? ಅದೇ ಪರಂಪರೆಯ ಖ್ವಾಜಾ ಬಂದೇನವಾಜ್ ಗೇಸುದರಾಜರು ೧೪೦೦ರ ಸುಮಾರಿಗೆ ಕಲಬುರಗಿಗೆ ಬಂದರು. ಅಲ್ಲಿ ಅವರಿಗೂ ಬಹಮನಿ ಸುಲ್ತಾನ ಫಿರೋಜನಿಗೂ ಮನಸ್ತಾಪ ಬೆಳೆಯಿತು. ಅವರು ಸುಲ್ತಾನನ ತಮ್ಮ ಅಹಮದನ ಪಕ್ಷವನ್ನು ಹಿಡಿದರು. ಅಹಮದನು ೧೪೨೨ರಲ್ಲಿ ಪಟ್ಟವೇರಿದನು. ಆ ವರ್ಷವೇ ಖ್ವಾಜಾರವರು ತೀರಿಕೊಂಡರು. ಇಂದು ಉರುಸಿಗೆ ಹೋಗಿ ಸಕ್ಕರೆ ಹಂಚಿ ಬರುವ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಈ ಜಗಳದ ಸಂಗತಿ ಗೊತ್ತು? ಗೋರಿಯ ಮೇಲೆ ಹಸುರು ಬಟ್ಟೆ ಹೊದಿಸಿದ ಮೇಲೆ ಎಲ್ಲ ಸಂತರೂ ಸಾಧುಗಳಾಗಿಬಿಡುತ್ತಾರೆ.

ಎದುರುಪಕ್ಷದವರ ಅತ್ಯಂತ ಬಲವಾದ ಸಾಕ್ಷಿಯೆಂದರೆ ಇಮಾಮ್ ಗಜ್ಜಾಲಿ. ೧೦೯೫ರಲ್ಲಿ ಆತನು ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಆಚಾರ್ಯಪದವಿಯನ್ನು ಬಿಟ್ಟು ಸೂಫಿಯಾಗಿ ಹೊರಟನು. ನಾಲ್ಕು ವರ್ಷಗಳಲ್ಲಿ, ೧೦೯೯ರ ಜುಲೈ ತಿಂಗಳಲ್ಲಿ, ಯೂರೋಪಿನ ಶಿಲುಬೆಯ ಯೋಧರು ಜೆರೂಸಲೆಮ್ಮನ್ನು ಹಿಡಿದು ಊರನ್ನು ರಕ್ತದಲ್ಲಿ ಅದ್ದಿದರು. ಗಜ್ಜಾಲಿಯು ಆ ಊರಿನಲ್ಲಿ ಕೆಲಕಾಲ ತಪಸ್ಸುಮಾಡಿದವನು. ಆತನ ಗ್ರಂಥರಾಶಿಯಲ್ಲಿ ಆ ಘಟನೆಯ ಪ್ರಸ್ತಾಪವಿಲ್ಲ. ಇಪ್ಪತ್ತನೆಯ ಶತಮಾನದ ಈಜಿಪ್ಟಿನ ಜಕಿ ಮುಬಾರಕನಂತಹ ವಿಮರ್ಶಕರು ಇದನ್ನೆತ್ತಿ, ಊರಿಗೆ ಬೆಂಕಿ ಬಿದ್ದಾಗ ಇಮಾಮನು ಜಪದಲ್ಲಿದ್ದನೆಂದು ಕಟುವಾಗಿ ಆಡಿಕೊಂಡರು.

ಈ ಮೌನವನ್ನು ಸಮರ್ಥಿಸುವುದು ಕಷ್ಟ; ಸಮರ್ಥಿಸಬೇಕಾಗಿಯೂ ಇಲ್ಲ. ಆದರೆ ಮೌನವೊಂದನ್ನೇ ನೋಡಿ ಮನುಷ್ಯನನ್ನು ಅಳೆಯುವುದೂ ನ್ಯಾಯವಲ್ಲ. ಗಜ್ಜಾಲಿ ಬಿಟ್ಟುಹೋದುದು ಯಾವುದನ್ನು? ಸೆಲ್ಜುಕ್ ಸುಲ್ತಾನರ ಹಣದಿಂದ ನಡೆಯುತ್ತಿದ್ದ ಪೀಠವನ್ನು. ಹೆಬ್ರಾನಿನಲ್ಲಿ ಇಬ್ರಾಹೀಮನ ಸಮಾಧಿಯ ಬಳಿ, ಇನ್ನು ಮೇಲೆ ಯಾವ ದೊರೆಯ ಬಾಗಿಲಿಗೂ ಹೋಗುವುದಿಲ್ಲ, ಅವರ ಹಣವನ್ನು ಮುಟ್ಟುವುದಿಲ್ಲ, ವಾದಸಭೆಗಳಲ್ಲಿ ಕೂರುವುದಿಲ್ಲ ಎಂದು ಆತನು ಪ್ರತಿಜ್ಞೆಮಾಡಿದನು. ಆ ಅಲೆದಾಟದ ವರ್ಷಗಳ ಫಲವಾದ ‘ಇಹ್ಯಾ ಉಲೂಮ್ ಅದ್-ದೀನ್’ ಎಂಬ ಮಹಾಗ್ರಂಥದಲ್ಲಿ ನಾಲ್ವತ್ತು ಪುಸ್ತಕಗಳಿವೆ. ಹತ್ತೊಂಬತ್ತನೆಯದು ಒಳ್ಳೆಯದನ್ನು ವಿಧಿಸಿ ಕೆಟ್ಟದ್ದನ್ನು ತಡೆಯುವ ಕರ್ತವ್ಯದ ಮೇಲಿನದು. ಕೆಟ್ಟದ್ದನ್ನು ಕಂಡವನು ಮೊದಲು ತಿಳಿಯಹೇಳಬೇಕು, ಆಮೇಲೆ ಗದರಿಸಬೇಕು, ಆಮೇಲೆ ಕೈಯಿಂದ ತಡೆಯಬೇಕು ಎಂದು ಮೆಟ್ಟಿಲು ಮೆಟ್ಟಿಲಾಗಿ ಅಲ್ಲಿ ವಿವರಿಸಿದೆ. ದೊರೆಗಳನ್ನು ಎದುರಿಗೇ ಖಂಡಿಸಿದ ಹಿಂದಿನ ವಿರಕ್ತರ ಕಥೆಗಳು ಆ ಪುಸ್ತಕದಲ್ಲಿ ಸಾಲುಸಾಲಾಗಿವೆ. ಅದೇ ಗ್ರಂಥದ ಕೊನೆಯ ಭಾಗದಲ್ಲಿಯೇ ದೈವಪ್ರೇಮ, ವಿಶ್ವಾಸ, ಮರಣಚಿಂತನೆ ಇವುಗಳ ಪುಸ್ತಕಗಳೂ ಇರುವುದು. ಗಜ್ಜಾಲಿಗೆ ಅವು ಒಂದೇ ಗ್ರಂಥದ ಪುಟಗಳು. ಎರಡನೆಯದನ್ನು ಮಾತ್ರ ಭಾಷಾಂತರಿಸಿ ಅಂದವಾದ ರಟ್ಟು ಹಾಕಿ ಮಾರುವವರು ನಮ್ಮ ಕಾಲದವರು.

ಇನ್ನು ಅಲ್ಜೀರಿಯಾದ ಎಮೀರ್ ಅಬ್ದುಲ್ ಕಾದಿರನ ವಿಷಯ. ಈತನ ಬಾಳಿನಲ್ಲಿ ಸೀಳುವವರ ಕತ್ತಿ ಮೊಂಡಾಗುತ್ತದೆ. ೧೮೦೮ರಲ್ಲಿ ಹುಟ್ಟಿದ ಈತನ ತಂದೆ ಮುಹಿಯುದ್ದೀನನು ಮಸ್ಕರಾ ಪಟ್ಟಣದ ಸಮೀಪದ ಕಾದಿರಿ ಮಠದ ಗುರು. ೧೮೩೦ರಲ್ಲಿ ಫ್ರೆಂಚರು ಅಲ್ಜೀರ್ಸನ್ನು ಹಿಡಿದರು. ೧೮೩೨ರಲ್ಲಿ ಪಶ್ಚಿಮದ ಬುಡಕಟ್ಟುಗಳು ಈ ತರುಣನನ್ನು ನಾಯಕನನ್ನಾಗಿ ಒಪ್ಪಿಕೊಂಡುವು. ಹದಿನೈದು ವರ್ಷಗಳ ಕಾಲ ಆತನು ಯೂರೋಪಿನ ಅತ್ಯಂತ ಬಲಿಷ್ಠವಾದ ಸೈನ್ಯವೊಂದನ್ನು ತಡೆದು ನಿಂತನು. ೧೮೩೪ರಲ್ಲಿಯೂ ೧೮೩೭ರಲ್ಲಿಯೂ ಫ್ರೆಂಚ್ ದಳಪತಿಗಳು ಆತನೊಡನೆ ಕೌಲುಮಾಡಿಕೊಳ್ಳಬೇಕಾಯಿತು. ಕಂದಾಯ, ನಾಣ್ಯ, ನ್ಯಾಯಸ್ಥಾನ, ಕ್ರಮಬದ್ಧವಾದ ಪಡೆ ಇವೆಲ್ಲವನ್ನೂ ಆತನು ಹೊಸದಾಗಿ ಕಟ್ಟಿದನು. ಸೆರೆಸಿಕ್ಕ ಶತ್ರುಗಳನ್ನು ಹಿಂಸಿಸಕೂಡದೆಂದು ಕಟ್ಟಪ್ಪಣೆ ಮಾಡಿದನು. ೧೮೪೭ರ ಡಿಸೆಂಬರಿನಲ್ಲಿ, ತನ್ನನ್ನು ಅಲೆಕ್ಸಾಂಡ್ರಿಯಾಕ್ಕೋ ಅಕ್ಕಾ ಪಟ್ಟಣಕ್ಕೋ ಕಳುಹಿಸುವರೆಂಬ ವಚನವನ್ನು ಪಡೆದು ಶರಣಾದನು. ಫ್ರೆಂಚ್ ಸರಕಾರ ವಚನವನ್ನು ಮುರಿಯಿತು. ತೂಲೋನ್, ಪೋ, ಆಂಬ್ವಾಜ್ ಕೋಟೆಗಳಲ್ಲಿ ಆತನನ್ನು ೧೮೫೨ರ ವರೆಗೆ ಸೆರೆಯಲ್ಲಿಟ್ಟಿತು. ಜೊತೆಗಿದ್ದ ಪರಿವಾರದವರಲ್ಲಿ ಹಲವರು, ಮಕ್ಕಳೂ ಸೇರಿ, ಆ ಚಳಿಯಲ್ಲಿ ಮಡಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ, ಇವನೊಬ್ಬ ಯೋಧ, ಗುರುವಿನ ಮಗನಾಗಿ ಹುಟ್ಟಿದುದು ಆಕಸ್ಮಿಕ ಎಂದುಬಿಡಬಹುದಾಗಿತ್ತು. ಆದರೆ ಬಿಡುಗಡೆಯಾದ ಮೇಲೆ ಆತನು ಡಮಾಸ್ಕಸಿನಲ್ಲಿ, ಇಬ್ನ್ ಅರಬಿಯ ಸಮಾಧಿಯುಳ್ಳ ಊರಿನಲ್ಲಿ, ನೆಲಸಿ ಪಾಠ ಹೇಳತೊಡಗಿದನು. ೧೮೬೦ರ ಜುಲೈಯಲ್ಲಿ ಆ ಊರಿನ ಕ್ರೈಸ್ತರ ಕೇರಿಯ ಮೇಲೆ ಗುಂಪು ಬಿದ್ದು ಕೊಲೆಗೆ ತೊಡಗಿತು. ತುರ್ಕಿ ಅಧಿಕಾರಿಗಳು ಕೈಕಟ್ಟಿ ನಿಂತರು. ಐವತ್ತು ದಾಟಿದ್ದ ಎಮೀರನು ತನ್ನ ಅಲ್ಜೀರಿಯನ್ ಸಂಗಡಿಗರಿಗೆ ಆಯುಧ ಕೊಟ್ಟು ಬೀದಿಗಿಳಿದನು. ಸಾವಿರಾರು ಮಂದಿ ಕ್ರೈಸ್ತರನ್ನು ತನ್ನ ಮನೆಗೂ ಕೋಟೆಗೂ ಸಾಗಿಸಿ ಉಳಿಸಿದನು. ಅವರನ್ನು ಒಪ್ಪಿಸೆಂದು ಬಾಗಿಲಿಗೆ ಬಂದ ಗುಂಪನ್ನು ಎದುರಿಸಿ ಹಿಂದಕ್ಕಟ್ಟಿದನು. ಹದಿನೈದು ವರ್ಷ ಕ್ರೈಸ್ತರ ಸೈನ್ಯದೊಡನೆ ಕಾದಿ, ಐದು ವರ್ಷ ಅವರ ಸೆರೆಯಲ್ಲಿ ಕೊಳೆತು, ಮಕ್ಕಳನ್ನು ಕಳೆದುಕೊಂಡ ಮನುಷ್ಯನಿವನು. ಮೂರು ವರ್ಷಗಳ ತರುವಾಯ ಮಕ್ಕೆಗೆ ಹೋಗಿ, ಮುಹಮ್ಮದ್ ಅಲ್-ಫಾಸಿ ಎಂಬ ಶಾಜಿಲಿ ಗುರುವಿಗೆ ಶಿಷ್ಯನಾಗಿ ಏಕಾಂತವಾಸಮಾಡಿದನು. ಇಬ್ನ್ ಅರಬಿಯ ‘ಫುತೂಹಾತ್’ ಗ್ರಂಥದ ಪಾಠವನ್ನು ಶುದ್ಧಗೊಳಿಸಲು, ಗ್ರಂಥಕರ್ತನ ಕೈಬರೆಹದ ಪ್ರತಿಯಿದ್ದ ಕೊನ್ಯಾಕ್ಕೆ ಪಂಡಿತರನ್ನು ಕಳುಹಿಸಿದನು. ಈಗ ಕೇಳಬೇಕಾದುದು: ಇವರಲ್ಲಿ ನಿಜವಾದ ಸೂಫಿ ಯಾರು? ೧೮೩೨ರವನೋ, ೧೮೬೦ರವನೋ, ೧೮೬೩ರವನೋ? ಫ್ರೆಂಚ್ ಸರಕಾರ ೧೮೬೦ರವನಿಗೆ ತನ್ನ ಅತ್ಯುಚ್ಚ ಪದಕವನ್ನು ಕೊಟ್ಟಿತು. ಕುದುರೆಯಿಂದ ಇಳಿದ ಮೇಲೆ ಎಮೀರನು ಮಹಾತ್ಮನಾದನೆಂದು ಅಲ್ಲಿಯ ಪತ್ರಿಕೆಗಳ ಭಾವನೆ. ಕುದುರೆಯ ಮೇಲಿದ್ದಾಗಲೂ ಬೀದಿಯಲ್ಲಿದ್ದಾಗಲೂ ಆತನಿಗೆ ಶಾಸ್ತ್ರವೊಂದೇ ಆಗಿತ್ತು: ಆಶ್ರಯಕ್ಕೆ ಬಂದವರನ್ನು ಕಾಪಾಡುವುದು.

ಈ ಮಾತಿಗೆ ಒಂದು ಕಲೆಯೂ ಉಂಟು. ೧೮೩೮ರಲ್ಲಿ ಅಬ್ದುಲ್ ಕಾದಿರನು ಸಹಾರಾದಂಚಿನ ಐನ್ ಮಾದಿ ಎಂಬ ಊರನ್ನು ತಿಂಗಳುಗಟ್ಟಲೆ ಮುತ್ತಿದನು. ಒಳಗಿದ್ದವರು ಫ್ರೆಂಚರಲ್ಲ; ಆತನ ಆಳ್ವಿಕೆಯನ್ನು ಒಪ್ಪದ ತಿಜಾನಿ ಪಂಥದ ಸೂಫಿಗಳು. ಆ ತಿಜಾನಿಗಳು ಮುಂದೆ ಫ್ರೆಂಚರೊಡನೆ ಹೊಂದಿಕೊಂಡರು. ಅದೇ ತಿಜಾನಿ ಪಂಥದ ಹಾಜಿ ಉಮರ್ ತಾಲ್ ಎಂಬಾತನು ಪಶ್ಚಿಮ ಆಫ್ರಿಕದಲ್ಲಿ ಫ್ರೆಂಚರೊಡನೆ ಕಾದಾಡಿದನು. ಇಂತಿಂತಹ ಪಂಥದವರು ಶಾಂತರು, ಇಂತಿಂತಹವರು ಉಗ್ರರು ಎಂದು ರಿನ್ ಮೊದಲಾದವರು ಹಾಕಿದ ಲೆಕ್ಕವೂ, ಎಲ್ಲ ಸೂಫಿಗಳೂ ಸ್ವಾತಂತ್ರ್ಯವೀರರೆಂದು ಈಚಿನ ದೇಶಾಭಿಮಾನಿಗಳು ಹಾಕುವ ಲೆಕ್ಕವೂ ಐನ್ ಮಾದಿಯ ಗೋಡೆಯ ಮುಂದೆ ತಪ್ಪಾಗುತ್ತವೆ.

ಡಮಾಸ್ಕಸಿನ ಸುದ್ದಿಯನ್ನು ಕೇಳಿ ಅಬ್ದುಲ್ ಕಾದಿರನಿಗೆ ಮೆಚ್ಚುಗೆಯ ಪತ್ರವನ್ನು ಬರೆದವರಲ್ಲಿ ರಷ್ಯದ ಕಲುಗಾ ಪಟ್ಟಣದಲ್ಲಿ ಸೆರೆಯಾಗಿದ್ದ ಇಮಾಮ್ ಶಾಮಿಲನೂ ಒಬ್ಬನು. ಶಾಮಿಲನು ಕಾಕಸಸ್ ಪರ್ವತಗಳ ದಾಗೆಸ್ತಾನದವನು. ೧೮೩೪ರಿಂದ ೧೮೫೯ರ ವರೆಗೆ ರಷ್ಯದ ಚಕ್ರವರ್ತಿಯ ಸೈನ್ಯಗಳೊಡನೆ ಕಾದಿದವನು. ನಕ್ಷಬಂದಿ ಗುರುವಾದ ಜಮಾಲುದ್ದೀನನು ಆತನಿಗೆ ದೀಕ್ಷೆ ಕೊಟ್ಟವನು, ಮಾವನೂ ಹೌದು. ಆಶ್ಚರ್ಯವೇನೆಂದರೆ ಈ ಗುರು ಆರಂಭದಲ್ಲಿ ಯುದ್ಧವನ್ನು ಒಪ್ಪಲಿಲ್ಲ. ಇನ್ನೊಬ್ಬ ಗುರುವಾದ ಯರಾಗದ ಮುಹಮ್ಮದನು ಒಪ್ಪಿದನು. ಶಾಮಿಲನ ಹೋರಾಟಕ್ಕೆ ಪ್ರೇರಣೆ ಷರೀಯತಿನ ಸ್ಥಾಪನೆಯೇ ಹೊರತು ಸೂಫಿಮಾರ್ಗವಲ್ಲ, ರಷ್ಯದ ಅಧಿಕಾರಿಗಳು ಕಟ್ಟಿದ ‘ಮುರೀದಿಸಂ’ ಎಂಬ ಹೆಸರನ್ನೇ ಪಂಡಿತರು ನಂಬಿಕೊಂಡು ಬಂದರು ಎಂದು ಅಲೆಕ್ಸಾಂಡರ್ ಕ್ನಿಶ್ ವಾದಿಸಿದ್ದಾನೆ. ಅಧಿಕಾರಿಗಳ ಹೆಸರುಗಳನ್ನು ನಂಬಬಾರದೆಂಬ ಮಟ್ಟಿಗೆ ಆ ವಾದ ಸ್ವಾಗತಾರ್ಹ. ಆದರೆ ಷರೀಯತ್ ಒಂದು ಕಡೆ, ತರೀಕಾ ಇನ್ನೊಂದು ಕಡೆ ಎಂದು ಗೆರೆಯೆಳೆಯುವುದು ನಕ್ಷಬಂದಿಗಳಿಗೇ ಅರ್ಥವಾಗದ ಮಾತು. ಮೊದಲನೆಯದನ್ನು ಬಿಟ್ಟವನಿಗೆ ಅವರಲ್ಲಿ ಎರಡನೆಯದಕ್ಕೆ ಪ್ರವೇಶವೇ ಇಲ್ಲ. ಗುರುಗಳಿಬ್ಬರು ಯುದ್ಧದ ವಿಷಯದಲ್ಲಿ ಭಿನ್ನಾಭಿಪ್ರಾಯಪಟ್ಟರೆಂಬುದು ಸೂಫಿಮಾರ್ಗ ಅಲ್ಲಿರಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಅಲ್ಲಿ ವಿವೇಚನೆ ನಡೆಯುತ್ತಿತ್ತೆಂಬುದಕ್ಕೆ ಸಾಕ್ಷಿ.

ಅದೇ ಬೆಟ್ಟಗಳಲ್ಲಿ ಅದೇ ಕಾಲದಲ್ಲಿ ಕುಂತಾ ಹಾಜಿಯೆಂಬ ಚೆಚೆನ್ ಕುರುಬನಿದ್ದನು. ಕಾದಿರಿ ಪಂಥದವನು. ಯುದ್ಧ ಸಾಕು, ಜನ ನಾಶವಾಗುತ್ತಿದೆ, ಆಯುಧವನ್ನು ಕೆಳಗಿಡಿ, ವೃತ್ತಾಕಾರವಾಗಿ ನಿಂತು ಗಟ್ಟಿಯಾಗಿ ದೇವರ ಹೆಸರು ಹೇಳಿ ಎಂದು ಸಾರಿದನು. ಶಾಮಿಲನಿಗೆ ಇದು ಹಿಡಿಸಲಿಲ್ಲ. ಆತನ ಜಿಕ್ರನ್ನು ನಿಷೇಧಿಸಿದನು. ಶಾಮಿಲನು ಸೋತ ಮೇಲೆ ರಷ್ಯನರಿಗೆ ಕುಂತಾ ಹಾಜಿ ಪ್ರಿಯನಾಗಬೇಕಾಗಿತ್ತಲ್ಲವೆ? ಶಾಂತಿಯನ್ನು ಬೋಧಿಸುವ ಸೂಫಿ. ಯಾವ ವರದಿಯವರೂ ಪೂರ್ಣ ಗುಣ ಕೊಡಬೇಕಾದವನು. ಆದರೆ ಹಳ್ಳಿಹಳ್ಳಿಗಳಲ್ಲಿ ಜನ ಆತನ ಮಾತನ್ನು ಕೇಳುತ್ತಾರೆ, ತಮ್ಮ ಮಾತನ್ನು ಕೇಳುವುದಿಲ್ಲ ಎಂಬುದನ್ನು ಅಧಿಕಾರಿಗಳು ಕಂಡುಕೊಂಡರು. ೧೮೬೪ರ ಜನವರಿಯಲ್ಲಿ ಆತನನ್ನು ಹಿಡಿದು ಉತ್ತರಕ್ಕೆ ಗಡೀಪಾರುಮಾಡಿದರು. ಗುರುವನ್ನು ಬಿಡಿರೆಂದು ಶಾಲಿ ಎಂಬ ಊರಿನ ಬಳಿ ನೆರೆದ ಶಿಷ್ಯರು, ಗುರುವಿನ ಬಲವೇ ಕಾಯುವುದೆಂದು ನಂಬಿ, ಕಠಾರಿಗಳ ಹೊರತು ಬೇರೆ ಆಯುಧವಿಲ್ಲದೆ ಹಾಡುತ್ತ ಮುಂದುವರಿದರು. ಸೈನಿಕರು ಗುಂಡುಹಾರಿಸಿ ನೂರಕ್ಕೆ ಮೀರಿ ಜನರನ್ನು ಕೊಂದರು. ಕುಂತಾ ಹಾಜಿ ೧೮೬೭ರಲ್ಲಿ ಉಸ್ತ್ಯುಜ್ನಾ ಎಂಬ ದೂರದ ಪಟ್ಟಣದಲ್ಲಿ ತೀರಿಕೊಂಡನು. ನಿರುಪದ್ರವಿ ಸೂಫಿಯನ್ನು ಮೆಚ್ಚುವ ಸರಕಾರಗಳು, ಅಂತಹವನೊಬ್ಬನು ನಿಜವಾಗಿ ಎದುರಿಗೆ ಬಂದಾಗ ಏನುಮಾಡಿದುವೆಂಬುದಕ್ಕೆ ಇದೊಂದು ಉದಾಹರಣೆ.

ಇನ್ನೊಂದು ಸೆನೆಗಲ್ ದೇಶದ ಅಹ್ಮದು ಬಂಬಾನದು (೧೮೫೩–೧೯೨೭). ಕತ್ತಿಯನ್ನು ಮುಟ್ಟಲಿಲ್ಲ, ದುಡಿಮೆಯೂ ಪ್ರಾರ್ಥನೆಯಷ್ಟೇ ಪವಿತ್ರವೆಂದು ಕಲಿಸಿದನು, ಊರಾಚೆ ತೂಬಾ ಎಂಬಲ್ಲಿ ನೆಲಸಿ ಶಿಷ್ಯರಿಗೆ ಹೊಲ ಉಳುವುದನ್ನೂ ಓದುವುದನ್ನೂ ಹೇಳಿಕೊಟ್ಟನು. ಫ್ರೆಂಚರು ೧೮೯೫ರಲ್ಲಿ ಆತನನ್ನು ಗಾಬೋನಿನ ಕಾಡುಗಳಿಗೆ ಅಟ್ಟಿದರು. ೧೯೦೨ರಲ್ಲಿ ಹಿಂದಿರುಗಿದವನನ್ನು ಮರುವರ್ಷವೇ ಮಾರಿಟೇನಿಯಾಕ್ಕೆ ಕಳುಹಿಸಿದರು. ಕೊನೆಗೆ ಸಾಯುವ ವರೆಗೂ ಕಾವಲಿನಲ್ಲಿಟ್ಟರು. ಆತನ ಪಂಥದವರು ಮುಂದೆ ಫ್ರೆಂಚರಿಗಾಗಿ ನೆಲಗಡಲೆಯನ್ನು ಹೇರಳವಾಗಿ ಬೆಳೆದರು, ಮೊದಲ ಮಹಾಯುದ್ಧಕ್ಕೆ ಆಳುಗಳನ್ನೂ ಒದಗಿಸಿದರು. ಆ ಒಡಂಬಡಿಕೆಯಲ್ಲಿ ಲಾಭ ಯಾರದು, ಸೋಲು ಯಾರದು ಎಂಬುದು ಬೇರೆ ಚರ್ಚೆ. ಆದರೆ ತೂಬಾದಲ್ಲಿ ವರ್ಷವರ್ಷವೂ ಲಕ್ಷಾಂತರ ಜನ ಸೇರುವ ಮಹೋತ್ಸವ ಗುರುವಿನ ಜನ್ಮದಿನದ್ದಲ್ಲ, ಮರಣದಿನದ್ದೂ ಅಲ್ಲ; ಆತನು ಗಡೀಪಾರಾಗಿ ಹೊರಟ ದಿನದ್ದು.

ಹೊರಗಿನವರ ಮಾತಾಯಿತು. ಮುಸಲ್ಮಾನರಲ್ಲಿಯೇ ಸೂಫಿಯನ್ನು ಜರೆಯುವವರು ಇದೇ ತಪ್ಪನ್ನು ತಿರುಗುಮುರುಗಾಗಿ ಮಾಡುತ್ತಾರೆ. ಮುಸಲ್ಮಾನರು ಕೆಟ್ಟುದು ಸೂಫಿಗಳ ಜಡತೆಯಿಂದ ಎಂಬುದು ಅವರ ದೂರು. ಕವಿ ಇಕ್ಬಾಲನು ೧೯೧೫ರ ‘ಅಸ್ರಾರೆ ಖುದಿ’ಯಲ್ಲಿ ಹಾಫಿಜನ ಕಾವ್ಯವನ್ನು ಈ ಕಾರಣಕ್ಕಾಗಿಯೇ ಖಂಡಿಸಿ, ಗದ್ದಲವೆದ್ದಾಗ ಮುಂದಿನ ಮುದ್ರಣದಲ್ಲಿ ಆ ಭಾಗವನ್ನು ತೆಗೆದನು, ಆದರೂ ಸೂಫಿಯಾದ ರೂಮಿಯನ್ನೇ ಗುರುವಾಗಿಟ್ಟುಕೊಂಡನು. ರೂಮಿಯ ಮೌಲವಿ ಪಂಥದವರೇ ತಿರುಗುವ ದರ್ವೇಶಿಗಳು. ಬಿಳಿಯ ನಿಲುವಂಗಿಯ ಆ ದರ್ವೇಶಿಗಳು ಮೊದಲ ಮಹಾಯುದ್ಧದಲ್ಲಿ ಸ್ವಯಂಸೇವಕರ ಪಡೆಯೊಂದನ್ನು ಕಟ್ಟಿ ಸಿರಿಯಾದ ರಣರಂಗಕ್ಕೆ ಹೋದರು. ೧೯೨೦ರಲ್ಲಿ ಅಂಕಾರಾದಲ್ಲಿ ಕೂಡಿದ ಮಹಾಸಭೆಗೆ ಅವರ ಪೀಠಾಧಿಪತಿ ಉಪಾಧ್ಯಕ್ಷನಾಗಿದ್ದನು. ೧೯೨೫ರ ಫೆಬ್ರವರಿಯಲ್ಲಿ ನಕ್ಷಬಂದಿ ಗುರುವಾದ ಕುರ್ದರ ಶೇಖ್ ಸಯೀದನು ದಂಗೆಯೆದ್ದನು. ಜೂನಿನಲ್ಲಿ ಆತನನ್ನು ಗಲ್ಲಿಗೇರಿಸಿದರು. ನವೆಂಬರಿನಲ್ಲಿ ಕಾಯಿದೆಯೊಂದರಿಂದ ನಾಡಿನ ಎಲ್ಲ ಮಠಗಳಿಗೂ ಬೀಗ ಬಿದ್ದಿತು, ಸ್ವಾತಂತ್ರ್ಯಯುದ್ಧಕ್ಕೆ ಜನರನ್ನೂ ಆಯುಧವನ್ನೂ ಗುಟ್ಟಾಗಿ ಸಾಗಿಸಿದ ಇಸ್ತಾಂಬುಲಿನ ಉಜ್ಬೇಕ್ ಮಠವೂ ಸೇರಿದಂತೆ. ೧೯೫೦ರ ದಶಕದಲ್ಲಿ ಕೊನ್ಯಾದ ದರ್ವೇಶಿಗಳಿಗೆ ಮತ್ತೆ ತಿರುಗಲು ಅಪ್ಪಣೆಯಾಯಿತು, ಪ್ರೇಕ್ಷಕರ ಮುಂದೆ. ಲೋಕಕ್ಕೆಲ್ಲ ಪರಿಚಿತವಾದ ಬಿಳಿಯ ನಿಲುವಂಗಿಯ ಚಿತ್ರ ಬಂದುದು ಹೀಗೆ: ಮಠಕ್ಕೆ ಬೀಗ ಹಾಕಿ, ಮಠದ ಕುಣಿತಕ್ಕೆ ರಂಗಮಂದಿರ ಕೊಟ್ಟ ಮೇಲೆ.

ಜಡರೆಂದು ಜರೆಯುವವರು ಲಿಬಿಯಾದ ಉಮರ್ ಮುಖ್ತಾರನಿಗೆ ಏನೆಂದು ಉತ್ತರ ಹೇಳುತ್ತಾರೆ? ಸನೂಸಿ ಮಠವೊಂದರ ಮುಖ್ಯಸ್ಥನಾಗಿ ಮಕ್ಕಳಿಗೆ ಕುರಾನು ಹೇಳಿಕೊಡುತ್ತಿದ್ದ ಮುದುಕನು ಇಟಲಿಯ ಸೈನ್ಯವನ್ನು ಬೆಟ್ಟಗಳಲ್ಲಿ ವರ್ಷಗಟ್ಟಲೆ ಕಾಡಿಸಿ, ೧೯೩೧ರ ಸೆಪ್ಟೆಂಬರ್ ೧೬ರಂದು ಸುಲೂಕದ ಬಂದಿಶಿಬಿರದಲ್ಲಿ ತನ್ನ ಜನರ ಕಣ್ಣೆದುರಿನಲ್ಲಿ ಗಲ್ಲಿಗೇರಿದನು. ಅಂತಹ ಮಾರ್ಗವನ್ನು ಅಧರ್ಮವೆಂದು ಸಾರುವವರು ೨೦೧೨ರಲ್ಲಿ ತಿಂಬಕ್ತುವಿನ ಸಂತರ ಸಮಾಧಿಗಳನ್ನು ಗುದ್ದಲಿಯಿಂದ ಒಡೆದರು. ೨೦೧೭ರ ನವೆಂಬರ್ ೨೪ರ ಶುಕ್ರವಾರ ಈಜಿಪ್ಟಿನ ಸಿನಾಯ್ ಪ್ರಾಂತದಲ್ಲಿ ಸೂಫಿಗಳು ಸೇರುತ್ತಿದ್ದ ಮಸೀದಿಯೊಂದರಲ್ಲಿ ಮುನ್ನೂರಕ್ಕೆ ಮೀರಿ ಜನರನ್ನು ಕೊಂದರು. ಪರದೇಶದ ವರದಿಗಾರರ ಹೊಗಳಿಕೆಯ ಪಟ್ಟಿಯಲ್ಲಿ ಹೆಸರಿರುವುದು ಆ ಬಡ ಹಳ್ಳಿಗರಿಗೆ ಯಾವ ರಕ್ಷೆಯನ್ನೂ ಕೊಡಲಿಲ್ಲ.

ಅಬ್ದುಲ್ ಕಾದಿರನು ೧೮೮೩ರಲ್ಲಿ ಡಮಾಸ್ಕಸಿನಲ್ಲಿ ಸತ್ತಾಗ ಆತನನ್ನು ಇಬ್ನ್ ಅರಬಿಯ ಮಗ್ಗುಲಲ್ಲಿ ಮಣ್ಣುಮಾಡಿದರು. ಸ್ವತಂತ್ರವಾದ ಅಲ್ಜೀರಿಯಾ ಆ ಅಸ್ಥಿಗಳನ್ನು ಅಲ್ಲಿಂದ ತರಿಸಿ ತನ್ನ ವೀರರ ಸ್ಮಶಾನದಲ್ಲಿಟ್ಟಿತು. ಅಲ್ಜೀರ್ಸಿನ ಚೌಕದಲ್ಲಿ, ಹಿಂದೆ ಫ್ರೆಂಚ್ ದಳಪತಿ ಬ್ಯೂಜೋನ ಪ್ರತಿಮೆಯಿದ್ದೆಡೆಯಲ್ಲಿ, ಎಮೀರನು ಈಗ ಕುದುರೆಯ ಮೇಲೆ ಕತ್ತಿಯೆತ್ತಿ ನಿಂತಿದ್ದಾನೆ. ಸೆರೆಯಿದ್ದ ಆಂಬ್ವಾಜಿನಲ್ಲಿ ೨೦೨೨ರ ಫೆಬ್ರವರಿಯಲ್ಲಿ ಆತನದೊಂದು ಶಿಲ್ಪವನ್ನು ನಿಲ್ಲಿಸಿದರು. ಅನಾವರಣಕ್ಕೆ ಮುಂಚೆಯೇ ಯಾರೋ ಅದನ್ನು ವಿರೂಪಗೊಳಿಸಿದರು. ಡಮಾಸ್ಕಸಿನ ಪಾಠಗಳಿಂದ ಬೆಳೆದ ಆತನ ‘ಕಿತಾಬ್ ಅಲ್-ಮವಾಕಿಫ್’ನಲ್ಲಿ ೩೭೨ ಅಧ್ಯಾಯಗಳಿವೆ. ಆತನನ್ನು ಕುದುರೆಯ ಮೇಲೆ ಕೂರಿಸಿದವರಲ್ಲಿಯೂ, ಕುದುರೆಯಿಂದ ಇಳಿಸಿ ಹೊಗಳಿದವರಲ್ಲಿಯೂ ಅದನ್ನು ಓದಿದವರು ವಿರಳ.